ಹೋಂ ಥಿಯೇಟರ್‌ಗೆ ಹೊಸ ಸಬ್‌ವೂಫರ್ ಆರಿಸುವುದು ಹೇಗೆ: ಕೋಣೆಯಿಂದ ಆರಂಭಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ 8 ಇಂಚಿನ ಹಳೆಯ ಸಬ್‌ವೂಫರನ್ನು, ಅಂದರೆ ಬಾಸ್ ಎಂಬ ತಗ್ಗಿನ ಸ್ವರಗಳನ್ನಷ್ಟೇ ನುಡಿಸುವ ಸ್ಪೀಕರ್ ಪೆಟ್ಟಿಗೆಯನ್ನು, ತೆಗೆದು 12 ಇಂಚಿನದನ್ನು ತಂದಿಟ್ಟ ರಾತ್ರಿ, ಸೋಫಾದಲ್ಲಿ ಕುಳಿತಿದ್ದ ನನಗೆ ಕೊಟ್ಟ ಹಣಕ್ಕೆ ತಕ್ಕ ವ್ಯತ್ಯಾಸವೇನೂ ಕೇಳಿಸಲಿಲ್ಲ. ನೀರು ಕುಡಿಯಲೆಂದು ಎದ್ದು, ಹಾಲ್‌ನ ಹಿಂಬದಿಯ ಗೋಡೆಯಲ್ಲಿರುವ ಅಡುಗೆಮನೆಯ ಬಾಗಿಲ ಬಳಿ ಹೋದಾಗ ಮಾತ್ರ ಅದೇ ದೃಶ್ಯದ ಗುಡುಗು ಎದೆಗೂಡನ್ನು ಅದುರಿಸಿತು. ನನ್ನ ಹಾಲ್ 16 ಅಡಿ ಉದ್ದ, 12 ಅಡಿ ಅಗಲ. ಸೋಫಾ ಇದ್ದದ್ದು ಉದ್ದದ ನಟ್ಟನಡುವೆ. ಪೆಟ್ಟಿಗೆಯನ್ನು ಬದಲಿಸುವ ಬದಲು ಸೋಫಾವನ್ನು ಎರಡೂವರೆ ಅಡಿ ಹಿಂದಕ್ಕೆ ತಳ್ಳಿದ್ದರೆ ಹಳೆಯ ಪೆಟ್ಟಿಗೆಯಲ್ಲೇ ಎಷ್ಟೋ ಸುಧಾರಣೆ ಕಾಣುತ್ತಿತ್ತು ಎಂಬುದು ಆಮೇಲೆ ಅಳತೆ ಮಾಡಿದಾಗ ತಿಳಿಯಿತು. ಆದ್ದರಿಂದಲೇ ಈ ಮಾರ್ಗದರ್ಶಿಯಲ್ಲಿ ಅಂಗಡಿಗೆ ಹೋಗುವ ಹೆಜ್ಜೆ ಬಹಳ ತಡವಾಗಿ ಬರುತ್ತದೆ.

ಮೊದಲ ಹೆಜ್ಜೆ: ಈಗಿರುವುದರ ಕೊರತೆ ಏನೆಂದು ಗುರುತಿಸಿ

"ಬಾಸ್ ಸಾಲದು" ಎಂಬ ಒಂದೇ ಮಾತಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ದೂರುಗಳಿರುತ್ತವೆ. ಅತಿ ಆಳದ ಗುಡುಗು, ಭೂಕಂಪದಂತಹ ಸದ್ದುಗಳು ಬರುವುದೇ ಇಲ್ಲ ಎನ್ನುವುದು ಒಂದು. ಸದ್ದು ಬರುತ್ತದೆ, ಆದರೆ ಎಲ್ಲವೂ ಒಂದೇ ಸ್ವರದಲ್ಲಿ ಗುಂಯ್ಗುಡುತ್ತದೆ ಎನ್ನುವುದು ಇನ್ನೊಂದು. ವಾಲ್ಯೂಮ್ ಏರಿಸಿದಾಗ ಪೆಟ್ಟಿಗೆಯ ಪೋರ್ಟ್ ಎಂಬ ಕೊಳವೆಯಿಂದ ಗಾಳಿ ಬುಸುಗುಟ್ಟುತ್ತದೆ ಅಥವಾ ಕೋನ್, ಅಂದರೆ ಸ್ಪೀಕರಿನ ಅದುರುವ ಭಾಗ, ಕಟಕಟ ಎನ್ನುತ್ತದೆ ಎನ್ನುವುದು ಮೂರನೆಯದು. ಇವುಗಳಲ್ಲಿ ಮೊದಲನೆಯದು ಮತ್ತು ಮೂರನೆಯದು ಪೆಟ್ಟಿಗೆಯ ಮಿತಿಗಳಾಗಿರುವ ಸಾಧ್ಯತೆ ಹೆಚ್ಚು. ಎರಡನೆಯದು ಬಹುಪಾಲು ಕೋಣೆಯ ದೋಷ. ಅದಕ್ಕೆ ಇನ್ನೂ ದೊಡ್ಡ ಪೆಟ್ಟಿಗೆ ತಂದರೆ ಗುಂಯ್ ಎನ್ನುವುದೂ ಅಷ್ಟೇ ದೊಡ್ಡದಾಗುತ್ತದೆ.

ಕೊರತೆ ಪೆಟ್ಟಿಗೆಯದೇ ಎಂದು ತೀರ್ಮಾನಿಸುವ ಮೊದಲು ಟಿವಿಯ ಧ್ವನಿಯನ್ನು ಪಡೆದು ಸ್ಪೀಕರ್‌ಗಳಿಗೆ ಹಂಚುವ ರಿಸೀವರ್‌ನ ಸೆಟ್ಟಿಂಗ್‌ಗಳನ್ನು ಒಮ್ಮೆ ನೋಡಬೇಕು. ಮುಂಭಾಗದ ಸ್ಪೀಕರ್‌ಗಳು "ಲಾರ್ಜ್" ಎಂದು ಗುರುತಾಗಿದ್ದರೆ ಅವುಗಳ ಪಾಲಿನ ಬಾಸ್ ಸಬ್‌ವೂಫರ್‌ಗೆ ಹೋಗುವುದೇ ಇಲ್ಲ. ಅವನ್ನು "ಸ್ಮಾಲ್" ಮಾಡಿ ಕ್ರಾಸ್‌ಓವರನ್ನು, ಅಂದರೆ ಯಾವ ಆವೃತ್ತಿಯ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಜ್‌ಗೆ ಇಡುವುದು ಬಹುತೇಕ ಮನೆಗಳಿಗೆ ಸರಿಯಾದ ಆರಂಭ. ಟಿವಿಯಿಂದ ರಿಸೀವರ್‌ಗೆ ಬರುತ್ತಿರುವ ಧ್ವನಿ ನಿಜಕ್ಕೂ 5.1, ಅಂದರೆ ಐದು ಸ್ಪೀಕರ್ ಚಾನೆಲ್ ಮತ್ತು ಒಂದು ಬಾಸ್ ಚಾನೆಲ್, ಆಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಅನೇಕ ಟಿವಿಗಳಲ್ಲಿ ಧ್ವನಿಯ ಔಟ್‌ಪುಟ್ "ಪಿಸಿಎಂ" ಎಂಬಲ್ಲೇ ನಿಂತಿರುತ್ತದೆ. ಹಾಗಿದ್ದಾಗ ಸಾಮಾನ್ಯವಾಗಿ ಹೋಗುವುದು ಬರೀ ಎರಡು ಚಾನೆಲ್, ಸಿನಿಮಾದವರು ಬಾಸ್‌ಗೆಂದೇ ಪ್ರತ್ಯೇಕವಾಗಿ ಇಟ್ಟಿರುವ ಎಲ್ಎಫ್ಇ ಚಾನೆಲ್ ದಾರಿಯಲ್ಲೇ ಬಿಟ್ಟುಹೋಗುತ್ತದೆ. ಈ ಚಾನೆಲ್‌ಗೆ ಉಳಿದವುಗಳಿಗಿಂತ 10 ಡೆಸಿಬೆಲ್ ಹೆಚ್ಚು ಅವಕಾಶವಿದೆ ಎಂಬುದನ್ನು ನೆನೆದರೆ ನಷ್ಟ ಎಷ್ಟೆಂದು ತಿಳಿಯುತ್ತದೆ.

ಎರಡನೆಯ ಹೆಜ್ಜೆ: ನಿಮ್ಮ ವ್ಯವಸ್ಥೆ ಹೊಸ ಪೆಟ್ಟಿಗೆಯನ್ನು ಒಪ್ಪಿಕೊಳ್ಳುತ್ತದೆಯೇ?

ಪ್ರತ್ಯೇಕ ಎವಿ ರಿಸೀವರ್ ಇದ್ದು, ಅದರ ಹಿಂಬದಿಯಲ್ಲಿ "ಸಬ್‌ವೂಫರ್ ಪ್ರೀ-ಔಟ್" ಎಂಬ ಆರ್‌ಸಿಎ ಸಾಕೆಟ್ ಇದ್ದರೆ ಯಾವ ಕಂಪನಿಯ ಪವರ್ಡ್ (ತನ್ನದೇ ಆಂಪ್ಲಿಫೈಯರ್ ಇರುವ) ಸಬ್‌ವೂಫರನ್ನಾದರೂ ಜೋಡಿಸಬಹುದು. ಸೌಂಡ್‌ಬಾರ್ ಇರುವವರ ಪಾಡು ಹಾಗಲ್ಲ. ಅದರ ವೈರ್‌ಲೆಸ್ ಸಬ್‌ವೂಫರ್ ಸಾಮಾನ್ಯವಾಗಿ ತನ್ನ ಬಾರ್ ಜೊತೆ ಮಾತ್ರ ಮಾತಾಡುತ್ತದೆ. ಒಂದೇ ಡಬ್ಬದಲ್ಲಿ ಬರುವ ಹೋಂ ಥಿಯೇಟರ್ ಸೆಟ್‌ಗಳಲ್ಲಿಯೂ ಸಬ್‌ವೂಫರ್‌ಗೆ ತನ್ನದೇ ಆಂಪ್ಲಿಫೈಯರ್ ಇಲ್ಲದಿರುವುದು ಉಂಟು. ಅಂಥದ್ದಕ್ಕೆ ಸ್ಪೀಕರ್ ವೈರನ್ನೇ ಸ್ವೀಕರಿಸುವ, ಅಂದರೆ ಹೈ-ಲೆವೆಲ್ ಇನ್‌ಪುಟ್ ಇರುವ ಸಬ್‌ವೂಫರ್ ಹುಡುಕಬಹುದಾದರೂ, ಆ ಹಣವನ್ನು ಒಂದು ಸಾಧಾರಣ ರಿಸೀವರ್ ಕಡೆಗೆ ತಿರುಗಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಮೂರನೆಯ ಹೆಜ್ಜೆ: ಟೇಪು ಹಿಡಿದು ಕೋಣೆಯನ್ನು ಅಳೆಯಿರಿ

ಈ ಹೆಜ್ಜೆಗೆ ಖರ್ಚಿಲ್ಲ, ಆದರೆ ಫಲ ಉಳಿದೆಲ್ಲಕ್ಕಿಂತ ಹೆಚ್ಚು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 80 ಹರ್ಟ್ಜ್‌ನ ಸದ್ದಿನ ತರಂಗದೂರ ಸುಮಾರು 4.3 ಮೀಟರ್, 20 ಹರ್ಟ್ಜ್‌ನದು 17 ಮೀಟರ್. ಇಷ್ಟುದ್ದದ ಅಲೆಗಳು ನಮ್ಮ ಸಣ್ಣ ಹಾಲ್‌ಗಳಲ್ಲಿ ಎದುರುಬದುರು ಗೋಡೆಗಳ ನಡುವೆ ಹೊಯ್ದಾಡಿ, ಕೆಲವು ಜಾಗಗಳಲ್ಲಿ ಒಂದಕ್ಕೊಂದು ಸೇರಿ ಉಬ್ಬುತ್ತವೆ, ಇನ್ನು ಕೆಲವು ಕಡೆ ಪರಸ್ಪರ ಕಳೆದುಕೊಂಡು ಇಲ್ಲವಾಗುತ್ತವೆ. ಯಾವ ಆವೃತ್ತಿಯಲ್ಲಿ ಇದು ಮೊದಲು ಸಂಭವಿಸುತ್ತದೆ ಎಂದು ತಿಳಿಯಲು 343ನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸಾಕು. ನನ್ನ ಹಾಲ್‌ನ 16 ಅಡಿ ಎಂದರೆ 4.88 ಮೀಟರ್, ಲೆಕ್ಕ 35 ಹರ್ಟ್ಜ್‌ಗೆ ಬರುತ್ತದೆ. 12 ಅಡಿಯ ಅಗಲಕ್ಕೆ 47, 10 ಅಡಿಯ ಎತ್ತರಕ್ಕೆ 56. ಈ ಮೊದಲ ಅನುರಣನದಲ್ಲಿ ಗೋಡೆಗಳ ಹತ್ತಿರ ಒತ್ತಡ ಗರಿಷ್ಠ, ನಟ್ಟನಡುವೆ ಬಹುತೇಕ ಶೂನ್ಯ. ನನ್ನ ಸೋಫಾ ಕುಳಿತಿದ್ದುದು ಆ ಶೂನ್ಯದ ಮೇಲೆ, ಅಡುಗೆಮನೆಯ ಬಾಗಿಲು ಇದ್ದುದು ಗರಿಷ್ಠದಲ್ಲಿ. ಇಂಥ ಶೂನ್ಯಕ್ಕೆ ಎಷ್ಟು ವ್ಯಾಟ್ ಸುರಿದರೂ ಅದು ತುಂಬುವುದಿಲ್ಲ, ಏಕೆಂದರೆ ಸುರಿದಷ್ಟೂ ಕಳೆಯುವ ಅಲೆಯೂ ಬೆಳೆಯುತ್ತದೆ.

ನಮ್ಮ ಮನೆಗಳ ಬಗ್ಗೆ ಇನ್ನೊಂದು ಮಾತು ಇಲ್ಲಿ ಹೇಳಬೇಕು. ಸಬ್‌ವೂಫರ್ ಕುರಿತು ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ದೊಡ್ಡ ಪಾಲು ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಅಲ್ಲಿನ ಗೋಡೆಗಳು ತಾವೇ ಅದುರಿ ಬಾಸ್‌ನ ಒಂದಷ್ಟು ಭಾಗವನ್ನು ನುಂಗುತ್ತವೆ. ಇಟ್ಟಿಗೆ, ಕಾಂಕ್ರೀಟು, ಗ್ರಾನೈಟ್ ನೆಲದ ನಮ್ಮ ಹಾಲ್‌ಗಳು ಹಾಗಲ್ಲ. ಅವು ಬಾಸನ್ನು ಒಳಗೇ ಹಿಡಿದಿಡುತ್ತವೆ. ಇದರಿಂದ ಲಾಭವೂ ಇದೆ, ತೊಂದರೆಯೂ ಇದೆ: ಚಿಕ್ಕ ಪೆಟ್ಟಿಗೆಯೂ ಆಳಕ್ಕೆ ಇಳಿದಂತೆ ಕೇಳಿಸುತ್ತದೆ, ಆದರೆ ಉಬ್ಬು ತಗ್ಗುಗಳು ಹೆಚ್ಚು ತೀವ್ರವಾಗುತ್ತವೆ. ಹಾಲ್ ಮತ್ತು ಡೈನಿಂಗ್ ನಡುವೆ ಗೋಡೆಯೇ ಇಲ್ಲದಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಸಬ್‌ವೂಫರ್ ತುಂಬಬೇಕಾದದ್ದು ನೀವು ಕುಳಿತ ಜಾಗವನ್ನಲ್ಲ, ತೆರೆದುಕೊಂಡಿರುವ ಒಟ್ಟು ಗಾಳಿಯನ್ನು. 16 ಅಡಿ, 12 ಅಡಿ, 10 ಅಡಿಯ ಹಾಲ್ 1,920 ಘನ ಅಡಿ. ಅದಕ್ಕೆ 10 ಅಡಿ ಚೌಕದ ಡೈನಿಂಗ್ ಸೇರಿದರೆ ಇನ್ನೊಂದು 1,000 ಘನ ಅಡಿ ಕೂಡಿಸಬೇಕು.

ನಾಲ್ಕನೆಯ ಹೆಜ್ಜೆ: ಎಷ್ಟು ಆಳ, ಎಷ್ಟು ಜೋರು ಎಂದು ನಿರ್ಧರಿಸಿ

ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಪಿಯಾನೊದ ಅತಿ ಕೆಳಗಿನ ಮನೆ 27.5 ಹರ್ಟ್ಜ್. ಹಾಡು ಕೇಳುವುದೇ ಮುಖ್ಯವಾದವರಿಗೆ 30 ಹರ್ಟ್ಜ್‌ವರೆಗೆ ಅಚ್ಚುಕಟ್ಟಾಗಿ ಇಳಿಯುವ ಪೆಟ್ಟಿಗೆ ಧಾರಾಳವಾಯಿತು. ಅದಕ್ಕಿಂತ ಕೆಳಗಿನ ಪ್ರದೇಶ ಸಿನಿಮಾದ್ದು. ಆದರೆ ಆ ಕೆಳಗಿನ 10 ಹರ್ಟ್ಜ್ ದುಬಾರಿ. ಒಂದು ಸದ್ದನ್ನು ಅದೇ ಜೋರಿನಲ್ಲಿ 40ರಿಂದ 20 ಹರ್ಟ್ಜ್‌ಗೆ ಇಳಿಸಬೇಕೆಂದರೆ ಕೋನ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಸಾಲದ್ದಕ್ಕೆ, 20 ಹರ್ಟ್ಜ್‌ನ ಸದ್ದು ನಮ್ಮ ಕಿವಿಗೆ ಬೀಳಲಾರಂಭಿಸುವುದೇ 75 ಡೆಸಿಬೆಲ್ ದಾಟಿದ ಮೇಲೆ. ಮಕ್ಕಳು ಮಲಗಿದ ನಂತರ ತಗ್ಗಿದ ದನಿಯಲ್ಲಿ ಸಿನಿಮಾ ನೋಡುವ ಮನೆಯಲ್ಲಿ 17 ಹರ್ಟ್ಜ್‌ವರೆಗೆ ಇಳಿಯುವ ಪೆಟ್ಟಿಗೆ ತನ್ನ ವಿದ್ಯೆಯನ್ನು ತೋರಿಸುವ ಅವಕಾಶವೇ ಸಿಗದೆ ಮೂಲೆಯಲ್ಲಿ ಕುಳಿತಿರುತ್ತದೆ.

ಚಿತ್ರಮಂದಿರದ ರೆಫರೆನ್ಸ್ ಮಟ್ಟದಲ್ಲಿ, ಅಂದರೆ ಅಲ್ಲಿನ ಪ್ರಮಾಣಿತ ವಾಲ್ಯೂಮ್‌ನಲ್ಲಿ, ಎಲ್ಎಫ್ಇ ಚಾನೆಲ್ ಕುಳಿತ ಜಾಗದಲ್ಲಿ 115 ಡೆಸಿಬೆಲ್ ಶಿಖರ ಮುಟ್ಟಬಲ್ಲದು. ಅಪಾರ್ಟ್‌ಮೆಂಟಿನಲ್ಲಿ ಆ ಗುರಿ ಬೇಡ. ಅದಕ್ಕಿಂತ 10ರಿಂದ 15 ಡೆಸಿಬೆಲ್ ಕೆಳಗೆ ಸ್ವಚ್ಛವಾಗಿ, ಒದ್ದಾಡದೆ ನುಡಿಸಿದರೆ ಹಾಲ್‌ಗೆ ಬೇಕಾದಷ್ಟಾಯಿತು.

ಐದನೆಯ ಹೆಜ್ಜೆ: ಪೆಟ್ಟಿಗೆಯ ಬಗೆ ಮತ್ತು ಕಂಪನಿಯ ಅಂಕಿಗಳು

ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸುತ್ತಲೂ ಮುಚ್ಚಿದ್ದು ಒಂದು. ಗಾಳಿ ಓಡಾಡಲು ಕೊಳವೆಯಿರುವ ಪೋರ್ಟ್ ಪೆಟ್ಟಿಗೆ ಇನ್ನೊಂದು. ಪೋರ್ಟ್ ತನ್ನ ಶ್ರುತಿಯ ಸುತ್ತಮುತ್ತ ಕೋನ್‌ಗೆ ಹೆಗಲು ಕೊಡುವುದರಿಂದ ಅಲ್ಲಿ ಸದ್ದು ಹೆಚ್ಚು, ಆದರೆ ಅದಕ್ಕಿಂತ ಕೆಳಗೆ ಪ್ರತಿ ಆಕ್ಟೇವ್‌ಗೆ, ಅಂದರೆ ಆವೃತ್ತಿ ಅರ್ಧಕ್ಕೆ ಇಳಿದಾಗಲೆಲ್ಲ, 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆ ಬೇಗ ಇಳಿಯಲಾರಂಭಿಸಿದರೂ 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ನಮ್ಮ ಕಾಂಕ್ರೀಟು ಕೋಣೆಗಳು ಕೆಳಗಿನ ಆವೃತ್ತಿಗಳಿಗೆ ಕೊಡುವ ಸಹಜ ಏರಿಕೆ ಈ ಇಳಿಕೆಗೆ ಚೆನ್ನಾಗಿ ಹೊಂದುತ್ತದೆ. ಎಸ್‌ವಿಎಸ್ ಕಂಪನಿಯ ಎಸ್‌ಬಿ-1000 ಪ್ರೊ ಮತ್ತು ಪಿಬಿ-1000 ಪ್ರೊ ಇದಕ್ಕೆ ಒಳ್ಳೆಯ ಉದಾಹರಣೆ. ಎರಡರಲ್ಲೂ 12 ಇಂಚಿನ ಡ್ರೈವರ್, ಎರಡರಲ್ಲೂ 325 ವ್ಯಾಟ್ ಆಂಪ್ಲಿಫೈಯರ್. ಮುಚ್ಚಿದ ಎಸ್‌ಬಿ 20 ಹರ್ಟ್ಜ್‌ವರೆಗೆ, ಪೋರ್ಟ್ ಇರುವ ಪಿಬಿ 17 ಹರ್ಟ್ಜ್‌ವರೆಗೆ ಎಂದು ಕಂಪನಿ ಹೇಳುತ್ತದೆ. ಮೊದಲನೆಯದು ಟೀಪಾಯಿಯ ಪಕ್ಕ ಕಾಣದಂತೆ ಕೂರುವಷ್ಟು ಚಿಕ್ಕದು, ಎರಡನೆಯದನ್ನು ಮನೆಯವರ ಒಪ್ಪಿಗೆಯಿಲ್ಲದೆ ಒಳಗೆ ತರುವಂತಿಲ್ಲ. ಆಳ, ದಕ್ಷತೆ, ಚಿಕ್ಕ ಗಾತ್ರ ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಮೂರೂ ಇವೆ ಎನ್ನುವ ಜಾಹೀರಾತನ್ನು ನಂಬಬೇಡಿ.

ವ್ಯಾಟ್ ಸಂಖ್ಯೆಗೆ ಮರುಳಾಗುವುದು ನಮ್ಮಲ್ಲಿ ಹಳೆಯ ರೋಗ. ಟೇಪ್‌ರೆಕಾರ್ಡರ್‌ಗಳ ಕಾಲದಲ್ಲಿ ಅಂಗೈಯಗಲದ ಸ್ಪೀಕರ್ ಮೇಲೂ ಸಾವಿರಾರು ವ್ಯಾಟ್ "ಪಿಎಂಪಿಒ" ಎಂಬ ಹೊಳೆಯುವ ಸ್ಟಿಕರ್ ಇರುತ್ತಿತ್ತು. ಅದು ಕ್ಷಣಮಾತ್ರದ ಶಿಖರದ ಲೆಕ್ಕ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ. ಅದೂ ಎರಡರಷ್ಟಾದರೆ ಸಿಗುವ ಲಾಭ ಕೇವಲ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಆವೃತ್ತಿಯ ಅಂಕಿಯನ್ನು ಓದುವಾಗ ಅದರ ಪಕ್ಕದಲ್ಲಿ ಪ್ಲಸ್ ಅಥವಾ ಮೈನಸ್ 3 ಡೆಸಿಬೆಲ್ ಎಂದಿದೆಯೇ ಗಮನಿಸಿ. ಬರೀ "20 ಹರ್ಟ್ಜ್‌ನಿಂದ 200 ಹರ್ಟ್ಜ್" ಎಂದಿದ್ದರೆ ಅದಕ್ಕೆ ಅರ್ಥವಿಲ್ಲ, ಏಕೆಂದರೆ 20 ಹರ್ಟ್ಜ್‌ನಲ್ಲಿ ಸದ್ದು ಎಷ್ಟು ಕುಗ್ಗಿದೆ ಎಂಬುದನ್ನು ಅವರು ಹೇಳಿಲ್ಲ. ಸಿಇಎ-2010 ಎಂಬ, ಸಬ್‌ವೂಫರ್‌ಗಳನ್ನು ಅಳೆಯುವ ಪ್ರಮಾಣಿತ ವಿಧಾನದಲ್ಲಿ ಅಳೆದ ಅಂಕಿಗಳು ಸಿಕ್ಕರೆ ಅವೇ ಅತ್ಯಂತ ಉಪಯುಕ್ತ. ಪ್ರತಿ ಆವೃತ್ತಿಯಲ್ಲಿ ಪೆಟ್ಟಿಗೆ ಸದ್ದಿನ ವಿಕಾರ ಮಿತಿ ಮೀರದಂತೆ ಗರಿಷ್ಠ ಎಷ್ಟು ಡೆಸಿಬೆಲ್ ಕೊಡುತ್ತದೆ ಎಂಬುದನ್ನು ಅವು ನೇರವಾಗಿ ಹೇಳುತ್ತವೆ. ಹೋಲಿಸುವಾಗ ಒಂದು ಎಚ್ಚರ ಬೇಕು: ಕೆಲವರು 1 ಮೀಟರ್ ದೂರದ ಶಿಖರ ಮೌಲ್ಯವನ್ನು ಕೊಡುತ್ತಾರೆ, ಕೆಲವರು 2 ಮೀಟರ್ ದೂರದ ಆರ್‌ಎಂಎಸ್ ಮೌಲ್ಯವನ್ನು. ಮೊದಲನೆಯದು ಅದೇ ಪೆಟ್ಟಿಗೆಗೆ 9 ಡೆಸಿಬೆಲ್ ಹೆಚ್ಚು ತೋರಿಸುತ್ತದೆ.

ಆರನೆಯ ಹೆಜ್ಜೆ: ಒಂದೇ ದೊಡ್ಡದೋ, ಎರಡು ಮಧ್ಯಮವೋ

ಹಣದ ಚೀಲ ಅಷ್ಟೇ ಇದ್ದಾಗ, ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಮಧ್ಯಮ ಪೆಟ್ಟಿಗೆಗಳನ್ನು ಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಎರಡು ಒಂದೇ ಬಗೆಯ ಪೆಟ್ಟಿಗೆಗಳು ಒಟ್ಟಿಗೆ ನುಡಿದಾಗ 6 ಡೆಸಿಬೆಲ್‌ವರೆಗೆ ಹೆಚ್ಚು ಸಿಗುತ್ತದೆ ಎಂಬುದು ಸಣ್ಣ ಕಾರಣ. ಎರಡು ಬೇರೆ ಜಾಗಗಳಿಂದ ಹೊರಡುವ ಅಲೆಗಳು ಕೋಣೆಯ ಉಬ್ಬು ತಗ್ಗುಗಳನ್ನು ಪರಸ್ಪರ ಸಮಗೊಳಿಸುತ್ತವೆ ಎಂಬುದೇ ದೊಡ್ಡ ಕಾರಣ. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಮಂಡಿಸಿದ ಪ್ರಬಂಧ ಇದನ್ನೇ ಪರಿಶೀಲಿಸಿತು. ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ಮಧ್ಯಬಿಂದುಗಳಲ್ಲಿ ಒಂದೊಂದು ಇಟ್ಟರೆ ಒಳ್ಳೆಯ ಫಲ, ನಾಲ್ಕೂ ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟರೆ ಇನ್ನೂ ಉತ್ತಮ, ನಾಲ್ಕಕ್ಕಿಂತ ಹೆಚ್ಚಿಸಿದರೆ ಹೇಳಿಕೊಳ್ಳುವ ಲಾಭವಿಲ್ಲ ಎಂದು ಅದು ಕಂಡುಕೊಂಡಿತು. ಒಬ್ಬರೇ ಒಂದೇ ಕುರ್ಚಿಯಲ್ಲಿ ಕುಳಿತು ಕೇಳುವವರಿಗೆ ಒಂದು ಸಾಕು. ಸೋಫಾದ ಮೂರು ಜನ, ದಿವಾನದ ಮೇಲಿನ ಅತ್ತೆ ಮಾವ, ನೆಲದ ಮೇಲಿನ ಮಕ್ಕಳು ಎಲ್ಲರಿಗೂ ಒಂದೇ ಬಾಸ್ ಬೇಕೆಂದರೆ ಎರಡು ಬೇಕು. ಒಟ್ಟಿಗೆ ಎರಡನ್ನೂ ಕೊಳ್ಳಲಾಗದಿದ್ದರೆ, ಮುಂದೆಯೂ ಅದೇ ಮಾಡೆಲ್ ಸಿಗುವಂಥದ್ದನ್ನು ಈಗ ಒಂದು ತನ್ನಿ.

ಏಳನೆಯ ಹೆಜ್ಜೆ: ಅಂಗಡಿಯಲ್ಲಿ

ಅಂಗಡಿಯ ಡೆಮೊ ಕೋಣೆಯ ಬಾಸ್ ಆ ಕೋಣೆಯ ಬಾಸ್. ಅದು ನಿಮ್ಮೊಂದಿಗೆ ಮನೆಗೆ ಬರುವುದಿಲ್ಲ. ಅಲ್ಲಿ ಪರೀಕ್ಷಿಸಬಹುದಾದದ್ದು ಸ್ವಚ್ಛತೆಯನ್ನು ಮಾತ್ರ. ಸ್ಫೋಟದ ದೃಶ್ಯಗಳನ್ನು ಹಾಕುವುದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ನಿಜವಾದ ಸ್ಫೋಟ ಹೇಗೆ ಕೇಳಿಸಬೇಕೆಂದು ನಮಗೆ ಗೊತ್ತಿಲ್ಲ. ನಾನು ಒಯ್ಯುವುದು ಡೊಳ್ಳು ಕುಣಿತದ ಒಂದು ಧ್ವನಿಮುದ್ರಣವನ್ನು. ಹತ್ತಾರು ಡೊಳ್ಳುಗಳು ಒಂದೇ ಲಯದಲ್ಲಿ ಬಡಿಯುವಾಗ ಪ್ರತಿ ಪೆಟ್ಟೂ ಹುಟ್ಟಿ, ಉರುಳಿ, ನಿಂತು, ಮುಂದಿನದಕ್ಕೆ ಜಾಗ ಬಿಡಬೇಕು. ಪೆಟ್ಟುಗಳ ಬಾಲಗಳು ಒಂದಕ್ಕೊಂದು ಅಂಟಿಕೊಂಡರೆ ಆ ಪೆಟ್ಟಿಗೆ ಬೇಡ. ಇನ್ನೊಂದು ತಬಲಾ ಸೋಲೊ. ವಾದಕರು ಡಗ್ಗಾದ ಮೇಲೆ ಅಂಗೈಯ ಬುಡವನ್ನು ಒತ್ತಿ ಸರಿಸಿ ನಾದವನ್ನು ಮೇಲೇರಿಸುವಾಗ ಆ ಜಾರುವಿಕೆ ಎಲ್ಲೂ ದಪ್ಪವಾಗದೆ, ಎಲ್ಲೂ ಮಾಯವಾಗದೆ ಎಣ್ಣೆಯಂತೆ ಸಾಗಬೇಕು. ಇದೇ ಪರೀಕ್ಷೆಯನ್ನು ಮನೆಯಲ್ಲಿ ಮಾಡಿದರೆ ಕೋಣೆಯ ದೋಷವೂ ಕಿವಿಗೆ ಸಿಗುತ್ತದೆ.

ಮನೆಯಲ್ಲಿ ಕೆಲವು ದಿನ ಇಟ್ಟು ನೋಡಿ ಹಿಂದಿರುಗಿಸುವ ಅವಕಾಶ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಅಮೆರಿಕದಿಂದ ಯಾರಾದರೂ ತಂದುಕೊಡುತ್ತಾರೆಂದರೆ ಹಿಂಬದಿಯ ಫಲಕದಲ್ಲಿ 230 ವೋಲ್ಟ್ ಒಪ್ಪುತ್ತದೆಯೇ ನೋಡದೆ ಪ್ಲಗ್ಗಿಗೆ ಹಾಕಬೇಡಿ. ರಟ್ಟಿನ ಡಬ್ಬ, ಥರ್ಮಾಕೋಲುಗಳನ್ನು ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿಡಿ. ಇಪ್ಪತ್ತು ಕಿಲೋದ ವಸ್ತುವನ್ನು ಸರ್ವಿಸ್‌ಗೆ ಕಳುಹಿಸಲು ಬೇರೆ ದಾರಿಯಿಲ್ಲ.

ಎಂಟನೆಯ ಹೆಜ್ಜೆ: ಜಾಗ ಹುಡುಕಿ, ಹೊಂದಿಸಿ

ಹೊಸ ಪೆಟ್ಟಿಗೆಯನ್ನು ಮೊದಲು ಸೋಫಾದಲ್ಲಿ ನೀವು ಕೂರುವ ಜಾಗದಲ್ಲೇ ಇಟ್ಟು, ಬಾಸ್ ಇರುವ ಒಂದು ಹಾಡನ್ನು ಮತ್ತೆ ಮತ್ತೆ ನುಡಿಸುತ್ತ, ಪೆಟ್ಟಿಗೆ ಇಡಬಹುದಾದ ಮೂಲೆ, ಗೋಡೆಯ ಬದಿಗಳಲ್ಲೆಲ್ಲ ಕಿವಿಯನ್ನು ನೆಲದ ಮಟ್ಟಕ್ಕೆ ತಂದು ಅಂಬೆಗಾಲಿನಲ್ಲಿ ಸುತ್ತಿ ಬನ್ನಿ. ಮನೆಯವರು ನಗುತ್ತಾರೆ, ನಗಲಿ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳಿಸುತ್ತವೋ ಅಲ್ಲಿ ಪೆಟ್ಟಿಗೆ ಇಟ್ಟು ನೀವು ಸೋಫಾಕ್ಕೆ ಮರಳಿದರೆ ಅದೇ ಸಮತೋಲ ಅಲ್ಲಿಯೂ ಸಿಗುತ್ತದೆ. ಮೂಲೆಯಲ್ಲಿ ಸದ್ದು ಅತ್ಯಂತ ಜೋರು, ಆದರೆ ಅನುರಣನಗಳೆಲ್ಲ ಕೆರಳುವುದೂ ಅಲ್ಲೇ.

ಜೋಡಣೆ ಕಷ್ಟವೇನಲ್ಲ. ಪೆಟ್ಟಿಗೆಯ ಮೇಲಿನ ಕ್ರಾಸ್‌ಓವರ್ ತಿರುಪನ್ನು "ಎಲ್ಎಫ್ಇ" ಅಥವಾ ಗರಿಷ್ಠಕ್ಕೆ ಇಟ್ಟು ಆ ಕೆಲಸವನ್ನು ರಿಸೀವರ್‌ಗೆ ಬಿಡಿ, ಗೇನ್, ಅಂದರೆ ಪೆಟ್ಟಿಗೆಯ ವಾಲ್ಯೂಮ್ ತಿರುಪು, ಅರ್ಧದಷ್ಟಿರಲಿ. ಆಡಿಸ್ಸಿ, ಡಿರಾಕ್, ವೈಪಿಎಒ ಮೊದಲಾದ ಸ್ವಯಂಚಾಲಿತ ತಿದ್ದುಪಡಿಗಳಲ್ಲಿ ನಿಮ್ಮ ರಿಸೀವರ್‌ನಲ್ಲಿರುವುದನ್ನು ಫ್ಯಾನ್ ನಿಲ್ಲಿಸಿ, ಕುಕ್ಕರ್ ಕೂಗದ ಹೊತ್ತಿನಲ್ಲಿ ನಡೆಸಿ. ಪೆಟ್ಟಿಗೆ 10 ಅಡಿ ದೂರದಲ್ಲಿದ್ದರೂ ರಿಸೀವರ್ 15 ಅಡಿ ಎಂದು ತೋರಿಸಿದರೆ ತಿದ್ದಬೇಡಿ; ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ಸ್ ಉಂಟುಮಾಡುವ ವಿಳಂಬವನ್ನು ಅದು ದೂರವಾಗಿ ಲೆಕ್ಕ ಹಾಕಿರುತ್ತದೆ. ಇನ್ನೂ ನಿಖರತೆ ಬೇಕಾದವರಿಗೆ ಯುಮಿಕ್-1ರಂತಹ ಯುಎಸ್‌ಬಿ ಮೈಕ್ ಮತ್ತು ಉಚಿತವಾಗಿ ಸಿಗುವ ಆರ್‌ಇಡಬ್ಲ್ಯೂ ತಂತ್ರಾಂಶ ಸಾಕು. ಮೊಬೈಲ್‌ನ ಡೆಸಿಬೆಲ್ ಆ್ಯಪ್‌ಗಳನ್ನು ಈ ಕೆಲಸಕ್ಕೆ ನೆಚ್ಚಬೇಡಿ.

ಏನೂ ನುಡಿಸದಿದ್ದಾಗಲೂ ಸಣ್ಣಗೆ ಗುಂಯ್ ಎಂದರೆ ಅದು ಹೆಚ್ಚಾಗಿ ಅರ್ಥಿಂಗ್ ಸುತ್ತಿನಿಂದ ಬರುವ 50 ಹರ್ಟ್ಜ್ ಸದ್ದು. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಳಚಿ ನೋಡಿ. ನಿಂತರೆ ಕಳ್ಳ ಅಲ್ಲೇ ಇದ್ದಾನೆ. ನಿಲ್ಲದಿದ್ದರೆ ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಗೋಡೆ ಸಾಕೆಟ್ಟಿನಿಂದ ಹೊರಟ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಅರ್ಥಿಂಗ್ ಪಿನ್ ಕತ್ತರಿಸುವ ಸಲಹೆ ಕೊಡುವವರನ್ನು ಮನೆಯೊಳಗೆ ಬಿಡಬೇಡಿ.

ಕೊನೆಯ ಹೆಜ್ಜೆ: ಕೆಳಮನೆ

ಒಳ್ಳೆಯ ಬಾಸ್ ಬಂದ ಮೇಲೆ ಮನೆಯ ಸಡಿಲ ವಸ್ತುಗಳೆಲ್ಲ ಬಾಯಿಬಿಡುತ್ತವೆ. 20ರಿಂದ 100 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಪರೀಕ್ಷಾ ಸ್ವರವನ್ನು ನುಡಿಸುತ್ತ, ಷೋಕೇಸಿನ ಗಾಜು, ಕಿಟಕಿಯ ಚಿಲಕ, ದೇವರ ಮನೆಯ ಗಂಟೆ ಎಂದು ಒಂದೊಂದನ್ನೇ ಪತ್ತೆಹಚ್ಚಿ ಫೆಲ್ಟ್ ತುಂಡುಗಳನ್ನು ಅಂಟಿಸಿ. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಸು ಹಾಕಿದರೆ ನೆಲಕ್ಕೆ ನೇರವಾಗಿ ಇಳಿಯುವ ಅದುರು ಕಡಿಮೆಯಾಗುತ್ತದೆ, ಗಾಳಿಯ ಮೂಲಕ ಹೋಗುವ ಬಾಸ್ ಮಾತ್ರ ನಿಲ್ಲುವುದಿಲ್ಲ. ವಸತಿ ಪ್ರದೇಶಗಳಿಗೆ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಆದರೆ ಕಿವಿಯ ಸೂಕ್ಷ್ಮತೆಗೆ ತಕ್ಕಂತೆ ಆವೃತ್ತಿಗಳನ್ನು ಎಣಿಸುವ, ಆ ಮಾಪನದ ಎ-ತೂಕದಲ್ಲಿ 63 ಹರ್ಟ್ಜ್‌ನ ಸದ್ದು 26 ಡೆಸಿಬೆಲ್ ಕಡಿಮೆಯೆಂದು ಎಣಿಕೆಯಾಗುತ್ತದೆ. ಕಾನೂನಿನ ಮೀಟರ್‌ಗೆ ಸಿಗದ್ದು ಪಕ್ಕದವರ ಹಾಸಿಗೆಗೆ ಸಿಗಬಹುದು.

ನಾನು ಮಾಡಿದ್ದು ಇಷ್ಟೇ: ಒಂದು ಭಾನುವಾರ ಸಂಜೆ ಸಿನಿಮಾ ಹಾಕಿ, ರಿಮೋಟನ್ನು ಮಗಳ ಕೈಗೆ ಕೊಟ್ಟು, ಕೆಳಗಿನ ಮನೆಗೆ ಹೋಗಿ ಕುಳಿತೆ. ಆ ಮನೆಯ ಅಜ್ಜಿ ಕಾಫಿ ಕೊಟ್ಟು, "ಸದ್ದೇನೂ ಕೇಳ್ಸಲ್ಲಪ್ಪ, ಆದ್ರೆ ನೋಡು" ಎಂದು ಸ್ಟೀಲ್ ಲೋಟವನ್ನು ಡಬರಿಯೊಳಗೆ ಇಟ್ಟು ತೋರಿಸಿದರು. ಲೋಟ ಸಣ್ಣಗೆ ಗಿಲಿಗಿಲಿ ಎನ್ನುತ್ತಿತ್ತು. ಫೋನಿನಲ್ಲಿ ಮಗಳಿಗೆ ಹೇಳಿ ಸಬ್‌ವೂಫರ್ ಮಟ್ಟವನ್ನು ಒಂದೊಂದೇ ಡೆಸಿಬೆಲ್ ಇಳಿಸಿಸಿದೆ. ನಾಲ್ಕನೆಯದಕ್ಕೆ ಲೋಟ ಸುಮ್ಮನಾಯಿತು. ಆ ಅಂಕಿಯನ್ನು ರಾತ್ರಿಯ ಸೆಟ್ಟಿಂಗ್ ಎಂದು ರಿಸೀವರ್‌ನ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.